ಬಳಿ ತಪ್ಪಿದ ಸೂತಕ

ಆಗ ನನಗೆ ಅರವತ್ತೈದು. ಈಗ ಅದಕ್ಕೆ ಹನ್ನೊಂದು ವರ್ಷವಾಯಿತು. ಬ್ರಹ್ಮಾವರದ ಕಡೆ ನನ್ನ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ತೀರಿಕೊಂಡಿದ್ದಳು. ಆವತ್ತು ಅವಳ ಬೊಜ್ಜ, ಸೂತಕ ಕಳೆಯುವ ಊಟ. ಆ ಊಟದ ಎಲೆ ಎತ್ತುವುದರೊಳಗೆ ನನ್ನ ಮೊಮ್ಮಗಳ ಮದುವೆಯ ಮಾತು ಎರಡು ವರ್ಷದ ಹಿಂದೆ ಕಾರಣವಿಲ್ಲದೆ ಮುರಿದು ಹೋಗಿತ್ತೆಂದು ಗೊತ್ತಾಯಿತು. ಮುರಿದದ್ದು ನಾವು. ನಾವು ಅಂದರೆ ಬಳಿಕೂಟ.

ಬಳಿ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡಲಕರೆಯ ಜನರಲ್ಲಿ ಕುಲ ಬರುವುದು ತಾಯಿಯಿಂದ. ಆ ಕುಲಕ್ಕೆ ಬಳಿ ಎನ್ನುತ್ತೇವೆ. ತಾಯಿಯ ಬಳಿ ಯಾವುದೋ ಮಕ್ಕಳದ್ದೂ ಅದೇ. ಗಂಡಸಿನ ಬಳಿ ಅವನ ಮಕ್ಕಳಿಗೆ ಹೋಗುವುದಿಲ್ಲ, ಅವನ ಜೊತೆಗೇ ಸುಟ್ಟು ಹೋಗುತ್ತದೆ. ಒಂದೇ ಬಳಿಯವರು ಎಷ್ಟು ದೂರದವರಾದರೂ ಅಣ್ಣ ತಂಗಿ, ಅವರಲ್ಲಿ ಮದುವೆ ಇಲ್ಲ. ಒಬ್ಬರು ಸತ್ತರೆ ಆ ಬಳಿಯವರೆಲ್ಲ ಸೂತಕ ಹಿಡಿಯಬೇಕು. ಇಷ್ಟೇ ಸಂಗತಿ. ಇಷ್ಟನ್ನು ಇಟ್ಟುಕೊಂಡು ನಾವು ವರ್ಷಗಟ್ಟಲೆ ಸಭೆ ನಡೆಸಿದೆವು. ಬಳಿಗಳ ಹೆಸರು ನಾನು ಇಲ್ಲಿ ಹೇಳುವುದಿಲ್ಲ. ಆ ಬಳಿಯವರು ಇನ್ನೂ ಇದ್ದಾರೆ, ನನ್ನ ಮನೆ ಬಾಗಿಲಿಗೆ ಬಂದು ಜಗಳ ಮಾಡುತ್ತಾರೆ.

ಕೂಟ ಶುರುವಾದದ್ದು ತೊಂಬತ್ತೇಳರಲ್ಲಿ, ನಮ್ಮ ಕಡೆಯಿಂದ ಬೊಂಬಾಯಿಗೆ ರೈಲು ಓಡುವ ಮುಂಚೆ. ಬೊಂಬಾಯಿಯಲ್ಲಿ ಮದುವೆಯಾದ ಒಂದು ಜೋಡಿ ಊರು ನೋಡಲು ಬಂತು. ಅಂಗಳದಲ್ಲಿ ಹುಡುಗನ ಅಜ್ಜಿ, ಹುಡುಗಿಯ ಅಜ್ಜಿ ಎದುರೆದುರು ಕೂತು ಎಲೆಅಡಿಕೆ ಹಾಕುವಾಗ ಇಬ್ಬರದೂ ಒಂದೇ ಬಳಿ ಎಂದು ತಿಳಿಯಿತು. ಆವತ್ತಿನ ಬೊಬ್ಬೆ ಹೇಳುವುದು ಬೇಡ. ಹುಡುಗಿ ಆಗಲೇ ಬಸುರಿ. ಅವರು ಮರುದಿನದ ಬಸ್ಸಿಗೇ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹೀಗೆ ಇನ್ನೊಮ್ಮೆ ಆಗಬಾರದೆಂದು ನಾವುಂದದಲ್ಲಿ ಹತ್ತು ಜನ ಸೇರಿದೆವು. ದೋಣಿ ಇದ್ದವರೊಬ್ಬರು ಅಧ್ಯಕ್ಷರಾದರು. ನಿವೃತ್ತ ಮೇಷ್ಟ್ರು ಕಾರ್ಯದರ್ಶಿಯಾದರು. ಕೆಲಸಕ್ಕೆ ನಾನು.

ನನಗೆ ಎಲ್ಲರ ಮೂಲ ಗೊತ್ತಿತ್ತು ಎಂದಲ್ಲ. ಕಾಲು ಗಟ್ಟಿ ಇತ್ತು, ಬಾಯಿ ದೊಡ್ಡದಿತ್ತು. ಮೀನು ಹೊತ್ತುಕೊಂಡು ಬೈಂದೂರಿನಿಂದ ಕುಂದಾಪುರದವರೆಗೆ ಒಳಗಿನ ಊರುಗಳನ್ನೆಲ್ಲ ಸುತ್ತುತ್ತಿದ್ದೆ. ದಾರಿಯಲ್ಲಿ ಕಂಡ ನಮ್ಮ ಜನಕ್ಕೆಲ್ಲ, "ಹ್ವಾಯ್, ಎರಡ್ನೇ ಆಯ್ತಾರ ಕೂಟಕ್ಕೆ ಬನಿ, ಮುದ್ಕಿಯರನ್ನ್ ಕರ್ಕಂಡ್ ಬನಿ" ಎನ್ನುತ್ತಿದ್ದೆ. ಮುದುಕಿಯರೇ ಮುಖ್ಯ. ಬಳಿ ಇರುವುದು ಅವರ ಬಾಯಲ್ಲಿ.

ತಿಂಗಳ ಎರಡನೇ ಆಯ್ತಾರ ಮಧ್ಯಾಹ್ನದ ಮೇಲೆ ಭಜನಾ ಮಂದಿರದ ಜಗಲಿಯಲ್ಲಿ ಸಭೆ. ದೀಪ ಹಚ್ಚುವುದು. ಆಮೇಲೆ ಒಬ್ಬೊಬ್ಬಳೇ ಹೆಂಗಸು ಎದ್ದು, ದೀಪಕ್ಕೆ ಕೈ ಮುಗಿದು ಹೇಳಬೇಕು. ತನ್ನ ಬಳಿ, ತಾಯಿಯ ಮನೆ, ತಾಯಿಯ ತಾಯಿಯ ಮನೆ, ಬಳಿಯವರು ಪೂಜಿಸುವ ಮೂಲದ ನಾಗ ಎಲ್ಲಿ, ನೆನಪು ಹೋಗುವಷ್ಟು ಹಿಂದೆ. ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಸಂಬಂಧ ಮಾತಾಡುವವರಿದ್ದರೆ ಎರಡೂ ಕಡೆಯವರು ಅಲ್ಲಿಯೇ ಎಲ್ಲರೆದುರು ಬಳಿ ಕೇಳಿಕೊಳ್ಳಬೇಕು. ಬೇರೆ ಬೇರೆ ಎಂದಾದರೆ ನಾನು "ಆಪುದೇ", ಆಗುತ್ತದೆ, ಎನ್ನಬೇಕು. ಒಂದೇ ಎಂದಾದರೆ "ಆಪುದಲ್ಲ". ಅಲ್ಲಿಗೆ ಮುಗಿಯಿತು. ಕೊನೆಗೆ ಚಾ, ಅವಲಕ್ಕಿ.

ಗಂಡಸರು ಬರುತ್ತಿದ್ದದ್ದು ಮಳೆಗಾಲದಲ್ಲಿ, ದೋಣಿ ಮೇಲೆ ಎಳೆದಿಟ್ಟ ಮೇಲೆ. ಬಂದರೂ ಡೀಸೆಲ್ಲಿನ ಮಾತು, ಬಲೆಯ ಮಾತು. ಒಮ್ಮೆ ಒಬ್ಬ ಗಂಡಸು ಎದ್ದು, "ನಾನೂ ನನ್ ಬಳಿ ಹೇಳ್ತೆ" ಎಂದ. ಅವನ ಹೆಂಡತಿಯೇ ಹಿಂದಿನಿಂದ ಹೇಳಿದಳು:

"ನೀವ್ ಹೇಳಿ ಎಂತ ಆಪುದಿತ್ತ್? ನಿಮ್ದ್ ನಿಮ್ಮೊಟ್ಟಿಗೇ ಸುಟ್ಟ್ ಹೋತ್ತ್. ಸುಮ್ನೆ ಕೂಕಣಿ."

ಎಲ್ಲರೂ ನಕ್ಕೆವು. ನಾನು ಹೆಚ್ಚು ನಕ್ಕೆ. ಆ ಮೇಲೆ ಯಾವ ಗಂಡಸೂ ಎದ್ದು ನಿಲ್ಲಲಿಲ್ಲ. ಗಂಡಸಿನ ಬಳಿ ಕೇಳುವ ಪದ್ಧತಿಯೇ ನಮ್ಮಲ್ಲಿ ಹುಟ್ಟಲಿಲ್ಲ.

ಇನ್ನು ಮೊಮ್ಮಗಳ ವಿಷಯ. ನನಗೆ ಒಬ್ಬನೇ ಮಗ. ಬೊಂಬಾಯಿಗೆ ಕ್ಯಾಂಟೀನು ಕೆಲಸಕ್ಕೆ ಹೋದವನು ಅಲ್ಲಿಯೇ ನಮ್ಮ ಜಾತಿಯ ಹುಡುಗಿಯನ್ನು ಮದುವೆಯಾದ. ಊರಿಗೆ ಕಾಗದ ಬಂದದ್ದು ಮದುವೆಯಾದ ಮೇಲೆ. ಬಳಿ ಕೇಳಿದೆಯಾ ಎಂದು ಬರೆಸಿದರೆ, "ಬೇರೆಯೇ ಅಂಬ್ರ್" ಎಂದು ಉತ್ತರ. ಯಾವುದು ಎಂದು ಇಲ್ಲ. ಸೊಸೆಯನ್ನು ನಾನು ಸರಿಯಾಗಿ ನೋಡಿದ್ದೇ ಇಲ್ಲ. ಜ್ವರ ಬಂದು ತೀರಿಹೋದಳು. ಮಗ ಎರಡು ವರ್ಷದ ಮಗುವನ್ನು ತಂದು ನನ್ನ ಕೈಗಿಟ್ಟು ಹೋದ. ಅಲ್ಲಿ ಅವನಿಗೆ ಇನ್ನೊಂದು ಸಂಸಾರವಾಯಿತು. ಅವನ ಮಾತು ಇಷ್ಟೇ ಸಾಕು.

ಮಗುವನ್ನು ಸಾಕಿದ್ದು ನಾನು. ಆದರೆ ಅವಳು ನನ್ನ ಬಳಿಯವಳಲ್ಲ. ಮಗನ ಮಗಳು ಹೇಗೆ ನನ್ನ ಬಳಿ ಆಗುತ್ತಾಳೆ? ಅವಳ ತಾಯಿಯದ್ದು, ತಾಯಿಯ ತಾಯಿಯದ್ದು ಯಾವುದೋ ಅದು. ಊರಿನವರಿಗೆಲ್ಲ ಬಳಿ ಹುಡುಕಿ ಕೊಡುವವಳ ಮನೆಯಲ್ಲಿ ಬಳಿ ಗೊತ್ತಿಲ್ಲದ ಹೆಣ್ಣು. ಕೂಟದಲ್ಲಿ ಇದಕ್ಕೆ ತಮಾಷೆ ಮಾಡುತ್ತಿದ್ದರು. ಮದುವೆಯ ಹೊತ್ತಿಗೆ ಕೇಳಿದರಾಯಿತು ಎಂದು ನಾನೂ ಸುಮ್ಮನಿದ್ದೆ. ಕೇಳಲು ಬೀಗಿತ್ತಿ ಇದ್ದಳಲ್ಲ.

ಮೊಮ್ಮಗಳು ಗೇರುಬೀಜ ಕಾರ್ಖಾನೆಗೆ ಹೋಗುತ್ತಿದ್ದಳು. ಒಂದು ದಿನ ಕಾರ್ಖಾನೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕಿರಿಮಂಜೇಶ್ವರದ ಒಬ್ಬ ಹುಡುಗ ತನ್ನ ಮೀನಿನ ಟೆಂಪೋದಲ್ಲಿ ಹೆಣ್ಣುಮಕ್ಕಳನ್ನೆಲ್ಲ ಹತ್ತಿಸಿಕೊಂಡು ಬಂದು ಬಿಟ್ಟ. ಇವಳು ಮನೆಗೆ ಬಂದು, ಬಟ್ಟೆಗೆ ತಾಗಿದ ಮೀನಿನ ನೀರು ತೊಳೆಯುತ್ತ ನಗುತ್ತಿದ್ದಳು. ಮೀನು ಮಾರುವವಳ ಮನೆಯಲ್ಲಿ ಬೆಳೆದವಳು ಮೀನಿನ ನೀರಿಗೆ ನಗುವುದೆಂತ? ಆಗಲೇ ನನಗೆ ಗೊತ್ತಾಯಿತು.

ಹುಡುಗ ಒಳ್ಳೆಯವನೇ. ಕುಡಿತ ಇಲ್ಲ. ತಂದೆ ಇರಲಿಲ್ಲ. ತಾಯಿ ನಮ್ಮ ಕೂಟಕ್ಕೆ ತಪ್ಪದೆ ಬರುವವಳು. ಎರಡು ಗಂಡುಮಕ್ಕಳು, ಹೆಣ್ಣಿಲ್ಲ ಎಂಬುದೊಂದೇ ಅವಳ ದುಃಖ. ಸಿಕ್ಕಿದವರಿಗೆಲ್ಲ ಅದನ್ನು ಹೇಳುತ್ತಿದ್ದಳು. ಒಂದು ವರ್ಷ ಕಳೆದ ಮೇಲೆ ಅವಳೇ ಬಂದು ಕೇಳಿದಳು.

"ಅಕ್ಕ, ನಿಮ್ ಮೊಮ್ಮಗಳನ್ನ್ ನಂಗೆ ಕೊಡಿ. ಅವ್ರಿಬ್ರಿಗೂ ಮನ್ಸಿತ್ತ್."

"ಬಳಿ ಕೇಣ್ಕಲೆ," ಕೇಳಬೇಕಲ್ಲ, ಎಂದೆ.

"ಕೇಂಬ. ಕೂಟದಲ್ಲೇ ಕೇಂಬ. ನೀವೇ 'ಆಪುದೇ' ಅಂಬುಕೆ."

ಬೀಗಿತ್ತಿಯನ್ನು ಕರೆತರಲು ಮೊಮ್ಮಗಳ ಜೊತೆ ನಾನೇ ಬ್ರಹ್ಮಾವರಕ್ಕೆ ಹೋದೆ. ಗಂಡ ಸತ್ತ ಮೇಲೆ, ಇದ್ದೊಬ್ಬಳು ಮಗಳೂ ಹೋದ ಮೇಲೆ, ಬೊಂಬಾಯಿ ಬಿಟ್ಟು ಬಂದು ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಪಕ್ಕದ ಮನೆಯವರು ಗಂಜಿ ಕೊಡುತ್ತಿದ್ದರು. ಮರೆವು ಶುರುವಾಗಿತ್ತು. ಮೊಮ್ಮಗಳನ್ನು ಕಂಡು ಮಗಳೆಂದುಕೊಂಡು, "ಬೊಂಬಾಯಿಂದ ಯಾವಾಗ ಬಂದೆ ಹೆಣೆ?" ಎಂದಳು. ಹಳೆಯದನ್ನು ಕೇಳಿದರೆ ಮಾತ್ರ ತಡವರಿಸುತ್ತಿರಲಿಲ್ಲ. ಅತ್ತೆ ಬೈದದ್ದು, ಚಾಳಿನ ನಲ್ಲಿಯಲ್ಲಿ ನೀರಿಗೆ ಜಗಳ, ಎಲ್ಲ ಹೇಳುತ್ತಿದ್ದಳು.

ಆ ಆಯ್ತಾರ ಜಗಲಿ ತುಂಬಿತ್ತು. ನನ್ನ ಮನೆಯ ಮದುವೆ ಎಂದು ಬರದವರೂ ಬಂದಿದ್ದರು. ಬೀಗಿತ್ತಿಯನ್ನು ಎಬ್ಬಿಸಿ ನಿಲ್ಲಿಸಿದೆ. ದೀಪ ಕಂಡದ್ದೇ ಅವಳ ಕೈ ತಾನಾಗಿ ಮುಗಿಯಿತು. ಬೆನ್ನು ನೆಟ್ಟಗಾಯಿತು. ಬಳಿಯ ಹೆಸರು ಗಟ್ಟಿಯಾಗಿ ಹೇಳಿದಳು.

ಹುಡುಗನ ತಾಯಿ ಸೆರಗು ಬಾಯಿಗೆ ಹಿಡಿದಳು. "ನಮ್ದೂ ಅದೇ ಅಲ್ದಾ," ಎಂದಳು.

ಮತ್ತೆ ಕೇಳಿದೆ. ಅದೇ ಹೇಳಿದಳು. ಮೂಲದ ನಾಗ ಎಲ್ಲಿ ಎಂದು ಮೇಷ್ಟ್ರು ಕೇಳಿದರು. ಬೈಂದೂರಿನ ಹತ್ತಿರದ ಜಾಗ ಹೇಳಿದಳು, ಅಲ್ಲಿಯ ಬನ ಎಷ್ಟು ದೊಡ್ಡದು, ಯಾವ ಮರದ ಬುಡದಲ್ಲಿ ಕಲ್ಲು, ನಾಗನಿಗೆ ತನು, ಅಂದರೆ ಹಾಲು, ಎರೆಯಲು ಯಾವ ದಾರಿಯಲ್ಲಿ ಹೋಗುವುದು, ಎಲ್ಲ. ಹುಡುಗನ ತಾಯಿ ತಲೆ ಆಡಿಸುತ್ತಲೇ ಇದ್ದಳು. ಬೀಗಿತ್ತಿ ಹಿಂದಿನ ನಾಲ್ಕು ತಲೆಯ ಹೆಂಗಸರ ಹೆಸರೂ ಹೇಳಿದಳು. ಒಂದೂ ತಪ್ಪಲಿಲ್ಲ.

ಮೊಮ್ಮಗಳು ಹೆಂಗಸರ ನಡುವೆ ಕೂತಿದ್ದಳು. ಹುಡುಗ ಕಂಬಕ್ಕೆ ಒರಗಿ ನಿಂತಿದ್ದವನು ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದ. ಎಲ್ಲರೂ ನನ್ನ ಮುಖ ನೋಡಿದರು. ಹೇಳುವ ಕೆಲಸ ನನ್ನದು.

"ಇದ್ ಆಪುದಲ್ಲ," ಎಂದೆ.

ಅಧ್ಯಕ್ಷರಿಗೆ ಖುಷಿಯೇ ಆಯಿತು. "ಕಂಡ್ರ್ಯಾ? ಕೂಟ ಇಲ್ದಿದ್ರೆ ಎಂತ ಆಯ್ತಿದ್ದಿತ್!" ಎಂದು ಕೈ ತಟ್ಟಿದರು. ನಾಲ್ಕು ಜನ ಅವರ ಜೊತೆ ತಟ್ಟಿದರು. ಇಷ್ಟು ವರ್ಷದಲ್ಲಿ ಕೂಟದಿಂದ ಆದ ದೊಡ್ಡ ಕೆಲಸ ಅದು ಎಂದು ಆಮೇಲೆ ಭಾಷಣದಲ್ಲೂ ಹೇಳಿದರು. ಹುಡುಗನ ತಾಯಿ ಎದ್ದು ಬಂದು ಮೊಮ್ಮಗಳ ತಲೆ ಮುಟ್ಟಿದಳು.

"ಹೆಣ್ ಮಕ್ಕಳಿಲ್ಲೆ ಅಂತಿದ್ದೆ. ಈಗ ಒಂದ್ ಸಿಕ್ತ್ ಕಾಣಿ. ಮಗಾ, ಇನ್ ಅವ್ಳ್ ನಿಂಗೆ ತಂಗಿ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳಿಗೆ ಅಷ್ಟೇ ಗೊತ್ತಿರುವುದು.

ಮನೆಗೆ ಬರುವಾಗ ದಾರಿಯಲ್ಲಿ ಮೊಮ್ಮಗಳು ಕೇಳಿದಳು, "ಇನ್ ಅವ್ನಿಗೆ ಅಣ್ಣ ಅಂದ್ ಕರೀಕಾ ಅಜ್ಜಿ?"

"ಹೌದ್."

"ನಿನ್ನೆ ತನ್ಕ ಎಂತ ಆಯಿದ್ದ ಅವ್ನ್?"

"ನಿನ್ನೆದ್ ನಿನ್ನೆಗಾಯ್ತ್."

"ನಿಮ್ ಕೂಟದವ್ರಿಗೆ ಭಾರೀ ಸುಲಭ," ಎಂದಳು. ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನೆದುರು ಅಳಲಿಲ್ಲ.

ಆ ಮಳೆಗಾಲ ಕಳೆಯುವುದರೊಳಗೆ ಹುಡುಗನಿಗೆ ಬೈಂದೂರಿನಿಂದ ಹೆಣ್ಣು ಸಿಕ್ಕಿತು. ಅವನ ತಾಯಿ ನಮ್ಮ ಮನೆಗೆ ಬಂದಳು. ಮದುವೆಯಲ್ಲಿ ಮದುಮಗನ ತಂಗಿ ಕಲಶ ಹಿಡಿದು ನಿಲ್ಲಬೇಕು. ಸ್ವಂತ ತಂಗಿ ಇಲ್ಲದಿದ್ದರೆ ಬಳಿಯ ತಂಗಿ. ಅದಕ್ಕೆ ಇವಳನ್ನು ಕೇಳಲು ಬಂದದ್ದು. ನಾನು ಬಾಯಿ ತೆರೆಯುವುದರೊಳಗೆ ಇವಳೇ "ಬತ್ತೆ" ಎಂದಳು.

ಅವಳು ಹೋದ ಮೇಲೆ ನಾನೆಂದೆ, "ಬೇಡ ಅಂದ್ರೆ ಅವ್ರ್ ಎಂತ ಹೇಳ್ತಿರ್ಲಿಲ್ಲೆ."

"ತಂಗಿ ಅಲ್ದಾ ನಾನ್? ನೀವೇ ಮಾಡ್ದದ್ದ್."

ಕಲಶ ಹಿಡಿದು ನಿಂತಳು. ಹಸಿರು ಸೀರೆ, ಅವರೇ ಕೊಟ್ಟದ್ದು. ಧಾರೆಯ ಫೋಟೋದಲ್ಲಿ ಮದುಮಕ್ಕಳ ಹಿಂದೆ ಇವಳೂ ಇದ್ದಾಳೆ. ಎಲ್ಲರೂ ಕ್ಯಾಮರಾ ನೋಡಿದರೆ ಇವಳೊಬ್ಬಳು ಕಲಶದ ಒಳಗೆ ನೋಡುತ್ತಿದ್ದಾಳೆ. ಆ ಫೋಟೋ ಅವರ ಮನೆಯ ಗೋಡೆಯಲ್ಲಿ ಈಗಲೂ ಇದೆ, ನಾನು ಕಂಡಿದ್ದೇನೆ.

ಆಮೇಲೆ ಬಂದ ಸಂಬಂಧಗಳಿಗೆಲ್ಲ ಇವಳದ್ದು ಒಂದೇ ಮಾತು. "ಬಳಿ ಕೇಳಿದ್ರ್ಯಾ ಅಜ್ಜಿ? ಕೇಳಿ ಕೇಳಿ, ಚೆಂದ ಮಾಡಿ ಕೇಳಿ," ಎಂದು ನಗುತ್ತಿದ್ದಳು. ಆ ನಗು ಕೇಳಿ ನಾನೇ ಬಂದವರನ್ನು ವಾಪಸು ಕಳಿಸುತ್ತಿದ್ದೆ.

ಎರಡು ವರ್ಷದ ಮೇಲೆ ಬೀಗಿತ್ತಿ ಸತ್ತಳು. ಸಾವಿನ ಸುದ್ದಿ ಬಳಿಯವರಿಗೆ ಮುಟ್ಟಿಸುವುದೂ ಕೂಟದ ಕೆಲಸವೇ. ಮೇಷ್ಟ್ರು ಬರೆದದ್ದು ನೋಡಿ ಆ ಬಳಿಯ ಮನೆಗಳಿಗೆಲ್ಲ ಹೇಳಿ ಕಳಿಸಿದರು. ಬೆಂಕಿ ಕೊಡಲು ಬಳಿಯ ಗಂಡಸೊಬ್ಬ ಬೇಕು. ಹತ್ತಿರದ ಬಳಿ ಎಂದರೆ ಆ ಹುಡುಗನೇ. ಬಂದ. ಮಡಕೆ ಹೊತ್ತ, ಬೆಂಕಿ ಕೊಟ್ಟ, ತಲೆ ಬೋಳಿಸಿಕೊಂಡ. ತನ್ನ ಮದುವೆ ಮುರಿದ ಮುದುಕಿಗೆ ಅವನೇ ಕ್ರಿಯೆ ಮಾಡಿದ. ಅವನ ತಾಯಿಯೂ ಭಕ್ತಿಯಿಂದ ಸೂತಕ ಹಿಡಿದಳು. ಮೀನು ಬಿಟ್ಟಳು, ತಲೆಗೆ ಎಣ್ಣೆ ಬಿಟ್ಟಳು, ದೇವಸ್ಥಾನದ ಕಡೆ ಮುಖ ಹಾಕಲಿಲ್ಲ. ಸೊಸೆ ಬೇರೆ ಬಳಿ, ಮೇಲಾಗಿ ಬಸುರಿ. ಅತ್ತೆಯ ಮೂಗಿನ ಕೆಳಗೇ ಬಂಗುಡೆ ಹುರಿದುಕೊಂಡು ತಿಂದಳಂತೆ. ಅದನ್ನು ಅತ್ತೆ ನನ್ನ ಹತ್ತಿರ ಹೇಳಿಕೊಂಡು ಅತ್ತಳು.

ನಮ್ಮ ಮನೆಯಲ್ಲೂ ಮೊಮ್ಮಗಳಿಗೆ ಸೂತಕ, ನನಗಿಲ್ಲ. ನಾನು ಮೀನು ಮಾರಿ ಬಂದು ಬಾವಿಕಟ್ಟೆಯಲ್ಲೇ ಮಿಂದು ಒಳಗೆ ಹೋಗುತ್ತಿದ್ದೆ. ಒಂದೇ ಒಲೆ, ಎರಡು ಬಳಿ.

ಬೊಜ್ಜ ಬಿದ್ದದ್ದು ಎರಡನೇ ಆಯ್ತಾರವೇ. ಕೂಟದವರೆಲ್ಲ ಹುಡುಗನ ಟೆಂಪೋದಲ್ಲಿ ಹೋದೆವು. ಅವನೇ ತೊಳೆದು, ಚಾಪೆ ಹಾಸಿ, ಬೋಳುತಲೆಗೆ ಟವೆಲು ಕಟ್ಟಿಕೊಂಡು ಬಿಟ್ಟುಕೊಂಡು ಬಂದ. ಬಾಡಿಗೆ ಕೋಣೆಯ ಅಂಗಳದಲ್ಲಿ ಚಪ್ಪರ. ಎಡೆ ಇಟ್ಟಾಯಿತು. ಎಲೆ ಹಾಕಿ ಬಡಿಸಲು ಶುರುಮಾಡಿದಾಗ ಒಂದು ರಿಕ್ಷಾ ಬಂದು ನಿಂತಿತು. ಕೋಲು ಊರಿಕೊಂಡು ಒಬ್ಬ ಮುದುಕಿ ಇಳಿದಳು. ಯಾರಿಗೂ ಗುರುತಿಲ್ಲ. ತಾನು ಸಾಸ್ತಾನದ ಕಡೆಯವಳು, ಸತ್ತವಳ ತಾಯಿಯ ತಂಗಿಯ ಮಗಳು ಎಂದಳು. ಹಿಂದಿನ ದಿನ ಪೇಟೆಯಲ್ಲಿ ಮೀನು ಕೊಳ್ಳುವಾಗ ಸುದ್ದಿ ಕೇಳಿದಳಂತೆ.

"ಊರಿಗ್ ಬಂದ್ ಕೂತದ್ದೇ ನಂಗೆ ಗೊತ್ತಿಲ್ಲೆ," ಎಂದು ಎಡೆಯ ಎದುರು ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಸುತ್ತ ನೋಡಿದಳು. "ಕಾರ್ಯ ಮಾಡ್ದದ್ದ್ ಯಾರ್?"

ಹುಡುಗನನ್ನು ತೋರಿಸಿದರು.

"ನಿಂದ್ ಯಾವ್ ಬಳಿ ಮಗಾ?"

ಅವನು ಹೇಳಿದ.

"ಅದ್ ಇವ್ಳ್ ಗಂಡಂದಲ್ದಾ?"

ನನ್ನ ಕೈಯಲ್ಲಿ ಪಾಯಸದ ಸೌಟು ಇತ್ತು. "ಎಂತ ಅಂದ್ರಿ?" ಎಂದೆ.

"ಅದ್ ಇವ್ಳ್ ಗಂಡನ್ ಬಳಿ. ಇವ್ಳ್ ನಮ್ದ್." ತಮ್ಮ ಬಳಿ ಹೇಳಿದಳು. ಬೇರೆಯೇ. ಹುಡುಗನದ್ದಲ್ಲ, ಅದರ ಹತ್ತಿರದ್ದೂ ಅಲ್ಲ. "ಇದನ್ನ್ ಹೇಳ್ದದ್ದ್ ಯಾರ್ ನಿಮ್ಗೆ?"

"ಅವ್ಳೇ ಹೇಳ್ದದ್ದ್. ದೀಪದೆದ್ರ್ ನಿಂತ್ ಹೇಳ್ದದ್ದ್."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹನ್ನೆರಡ್ ವರ್ಷಕ್ಕೆ ಮದಿ ಮಾಡಿ ಬೊಂಬಾಯಿಗೆ ಕಳ್ಸಿದ್ ಹೆಣ್ಣ್ ಅದ್. ಅತ್ತಿ ಹುಲಿ. ದಿನಾ ಮೂರ್ಸಂಜಿಗೆ ದೀಪದೆದ್ರ್ ನಿಲ್ಸಿ ತನ್ ಬಳಿ, ತನ್ ನಾಗ, ತನ್ ಹಿಂದಿನವ್ರ್ ಹೆಸ್ರ್ ಹೇಳಿಸ್ತಿದ್ಲಂಬ್ರ್. ಮತ್ತೆಂತ ನೆನ್ಪಿಪ್ಪುದ್ ಅವ್ಳಿಗೆ? ಅವ್ಳಿಗ್ ಬುದ್ಧಿ ಇಲ್ಲೆ ಅಂಬ. ನಿಮ್ಗೆ? ಗಂಡಂದ್ ಯಾವ್ದ್ ಅಂದ್ ಒಂದ್ ಮಾತ್ ಕೇಣ್ಕಲೆ! ಗಂಡ ಹೆಂಡ್ತಿ ಒಂದೇ ಬಳಿ ಆಪುಕ್ ಆತ್ತಾ?"

ಅವಳು ಹೇಳಿದ್ದು ಸರಿಯೇ. ಗಂಡನ ಬಳಿ ಕೇಳಿದ್ದರೆ ಆಗಲೇ ಸಿಕ್ಕಿಬೀಳುತ್ತಿತ್ತು. ಜಗಲಿ ತುಂಬ ಜನ ಇದ್ದರು ಆವತ್ತು. ಒಬ್ಬರಿಗೂ ಹೊಳೆಯಲಿಲ್ಲ. ಸತ್ತ ಗಂಡಸಿನ ಬಳಿ ಯಾರಿಗೆ ಬೇಕು?

ಮೊದಲು ಬಾಯಿ ಬಿಟ್ಟದ್ದು ಹುಡುಗನ ತಾಯಿ. "ಹಾಂಗರೆ ನಾನ್ ಇಷ್ಟ್ ದಿನ ಮೀನ್ ಬಿಟ್ಟದ್ದ್ ಸುಮ್ನೆಯಾ?"

ಪಂಕ್ತಿಯ ಕೊನೆಯಲ್ಲಿ ಯಾರೋ ನಕ್ಕರು. ನಕ್ಕವರು ಕೂಡಲೇ ತಲೆ ತಗ್ಗಿಸಿದರು.

ಮೊಮ್ಮಗಳು ಚೆಂಬು ಹಿಡಿದು ಪಂಕ್ತಿಗೆ ನೀರು ಹಾಕುತ್ತ ಬರುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಿಲ್ಲಲಿಲ್ಲ. ಲೋಟದಿಂದ ಲೋಟಕ್ಕೆ ಬಂದಳು. ಹುಡುಗನ ಎಲೆಯ ಹತ್ತಿರ ಬಂದಾಗ ಅವನು ಲೋಟಕ್ಕೆ ಕೈ ಅಡ್ಡ ಹಿಡಿದ. ಇವಳು ಮುಂದಿನ ಎಲೆಗೆ ಹೋದಳು. ಆಚೆ ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ, ತುಂಬಿದ ಬಸುರಿ, ಏನಾಯಿತೆಂದು ಪಕ್ಕದವಳನ್ನು ಕೇಳುತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಊಟ ಬಿಟ್ಟು ಏಳುವ ಹಾಗಿಲ್ಲ, ಬೊಜ್ಜದ ಊಟ. ಎಲ್ಲರೂ ಉಂಡರು. ನಾನೂ ಉಂಡೆ.

ವಾಪಸು ಬರುವಾಗ ಟೆಂಪೋದ ಮುಂದೆ ಹುಡುಗ, ಅವನ ಹೆಂಡತಿ, ತಾಯಿ. ಹಿಂದೆ ನಾವು. ಕೋಟ ದಾಟಿದ ಮೇಲೆ ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು.

"ಇವತ್ತ್ ಎರಡ್ನೇ ಆಯ್ತಾರ. ಶುರುವಾದಲ್ಲಿಂದ ಸಭೆ ತಪ್ಲಿಲ್ಲೆ. ಇಲ್ಲೇ ಮಾಡುವ."

"ದೀಪ?" ಎಂದರು ಅಧ್ಯಕ್ಷರು.

"ಟೆಂಪೋದ್ ಲೈಟ್ ಇತ್ತಲೆ."

ಹೀಗೆ ಮೀನಿನ ವಾಸನೆಯಲ್ಲಿ, ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುತ್ತ ಸಭೆಯಾಯಿತು. ಬೀಗಿತ್ತಿಯ ಬಳಿ ತಿದ್ದುವುದೆಂದು ಒಪ್ಪಿದರು. ಇನ್ನು ಮುಂದೆ ಗಂಡಂದಿರ ಬಳಿಯನ್ನೂ ಕೇಳುವುದೆಂದು ಒಪ್ಪಿದರು. ಒಳ್ಳೆಯ ನಿಯಮ ಎಂದು ಎಲ್ಲರೂ ತಲೆ ಆಡಿಸಿದರು, ಅಥವಾ ರಸ್ತೆ ಆಡಿಸಿತು. ಅಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬಳು ಲೆಕ್ಕ ಹಾಕಿ ಮುಗಿಸಿದವಳ ಹಾಗೆ ಗಟ್ಟಿಯಾಗಿ ಹೇಳಿದಳು:

"ಹಾಂಗರೆ ಇವ್ರಿಬ್ರಿಗೂ ಆಯ್ತಿದ್ದಿತ್, ಅಲ್ದಾ?"

ಮೊಮ್ಮಗಳು ಅವಳ ಪಕ್ಕದಲ್ಲೇ ಕೂತಿದ್ದಳು. ಹಿಂದಿನ ಹಲಗೆಯ ಮೇಲೆ ಕೈ ಇಟ್ಟು ಹಿಂದಕ್ಕೆ ಓಡುವ ರಸ್ತೆ ನೋಡುತ್ತಿದ್ದಳು.

"ಆದದ್ದ್ ಆಯ್ತ್," ಎಂದರು ಅಧ್ಯಕ್ಷರು. "ಹೆಣ್ಣಿಗೆ ಬೇರೆ ಗಂಡ್ ಕಾಂಬ. ಈಗ ಬಳಿ ಸಮಾ ಗೊತ್ತಾಯ್ತಲೆ."

"ಗೊತ್ತಾಯಿ ಎಂತ ಮಾಡುಕಿತ್ತ್?" ಎಂದೆ. "ಸಭೆ ಮುಗ್ಸಿ."

ಮುಗಿಸಿದರು. ನಾನು ಟೆಂಪೋದಲ್ಲಿದ್ದ ಮುದುಕಿಯರ ಮುಖ ಒಂದೊಂದಾಗಿ ನೋಡಿದೆ. ಇಷ್ಟು ವರ್ಷ ಎದ್ದು ನಿಂತು ಹೇಳಿದವರು ಇವರೇ, ಇವರ ಹಾಗೆ ಇದ್ದು ಸತ್ತವರೇ. ಯಾರೂ ಸುಳ್ಳು ಹೇಳುವವರಲ್ಲ. ಆದರೆ ಎಲ್ಲರೂ ಹನ್ನೆರಡಕ್ಕೋ ಹದಿಮೂರಕ್ಕೋ ತಾಯಿಯ ಮನೆ ಬಿಟ್ಟವರು. ಎಲ್ಲರಿಗೂ ಒಬ್ಬಳು ಅತ್ತೆ ಇದ್ದಳು. ಬೀಗಿತ್ತಿ ಒಬ್ಬಳೇ ತಪ್ಪಿದ್ದೆಂದು ಹೇಗೆ ಹೇಳುವುದು? ನಾನು "ಆಪುದೇ" ಎಂದದ್ದರಲ್ಲಿ ಎಷ್ಟು ಆಗಬಾರದ್ದು, "ಆಪುದಲ್ಲ" ಎಂದದ್ದರಲ್ಲಿ ಎಷ್ಟು ಆಗಬಹುದಿತ್ತು? ಕೇಳಲು ಹೋದರೆ ಅರ್ಧ ಜನ ಸುಡುಗಾಡಿನಲ್ಲಿದ್ದಾರೆ. ನನ್ನದು ನನಗೆ ಗೊತ್ತೇ? ಹೆಸರು ಹೇಳಬಲ್ಲೆ. ಅದು ಅಮ್ಮ ಹೇಳಿಕೊಟ್ಟದ್ದೋ ಅತ್ತೆ ಹೇಳಿಕೊಟ್ಟದ್ದೋ ಎಂದು ಆ ಟೆಂಪೋದಲ್ಲಿ ಕೂತು ನೆನೆಸಿದೆ. ಅಮ್ಮನ ಮುಖ ನೆನಪಾಯಿತು. ಅವಳು ಹೇಳಿದ್ದು ನೆನಪಾಗಲಿಲ್ಲ.

ನಾವುಂದದಲ್ಲಿ ಇಳಿಸಿದ. ಹುಡುಗ ಕೆಳಗಿಳಿದು ಹಲಗೆ ತೆಗೆದು ಒಬ್ಬೊಬ್ಬರಿಗೇ ಕೈ ಕೊಟ್ಟ. ಮೊಮ್ಮಗಳು ಅವನ ಕೈ ಹಿಡಿಯದೆ ಹಾರಿ ಇಳಿದಳು. "ಬತ್ತೆ," ಎಂದ ಅವನು, ಯಾರಿಗೆ ಎಂದು ತಿಳಿಯದ ಹಾಗೆ. ನಾನು "ಆಯ್ತ್" ಎಂದೆ.

ಮನೆಯಲ್ಲಿ ಮುಸ್ಸಂಜೆ ದೀಪ ಹಚ್ಚಿದೆ. ಅವಳು ಬಾಗಿಲಲ್ಲಿ ಕೂತು ಕಾಲು ಒರೆಸಿಕೊಳ್ಳುತ್ತಿದ್ದಳು. ಏನಾದರೂ ಹೇಳಬೇಕೆಂದು, "ನಿನ್ ಬಳಿ ಯಾವ್ದ್ ಅಂದ್ ಸಮಾ ನೆನ್ಪಿಟ್ಕೋ ಮಗಾ" ಎಂದೆ. ನನ್ನ ಬಾಯಿಗೆ ಬೇರೆ ಮಾತು ಬರಲಿಲ್ಲ.

"ಇಟ್ಕಂಡ್ ಎಂತ ಮಾಡುದ್ ಅಜ್ಜಿ? ಉಪ್ಪ್ ಹಾಕಿ ಇಡುದಾ?"

ಒಳಗೆ ಹೋಗಿ ಚಾಪೆ ಹಾಸಿಕೊಂಡಳು.

ಅವಳು ಮದುವೆಯಾಗಲಿಲ್ಲ. ಇವತ್ತಿಗೂ ಅದೇ ಕಾರ್ಖಾನೆಗೆ ಹೋಗುತ್ತಾಳೆ. ಗೇರಿನ ಸೊನೆಗೆ ಬೆರಳ ತುದಿಯೆಲ್ಲ ಕಪ್ಪು. ಬಳಿ ಹೋಗುವುದು ಹೆಣ್ಣಿನಿಂದ. ನಾವು ತಿದ್ದಿ ಬರೆದ ಆ ಬಳಿ ಅವಳ ತಾಯಿಯ ಕಡೆಯಿಂದ ಅವಳಲ್ಲಿಗೇ ಮುಗಿಯುತ್ತದೆ. ಕೂಟ ಆಮೇಲೂ ಎರಡು ವರ್ಷ ನಡೆಯಿತು ಅನ್ನುತ್ತಾರೆ. ನಾನು ಹೋಗಲಿಲ್ಲ.

ಬೊಜ್ಜದ ಮರುದಿನ ಬೆಳಿಗ್ಗೆ ಎದ್ದಾಗ ಅವಳು ಬುತ್ತಿ ಕಟ್ಟಿಕೊಂಡು ಕಾರ್ಖಾನೆಯ ಬಸ್ಸಿಗೆ ಹೋಗಿಯಾಗಿತ್ತು. ನಾನು ಹೆಡಿಗೆ ತೊಳೆದು ಹೊರಗೆ ಬಂದೆ. ಅಂಗಳದಲ್ಲಿ ಬೈಂದೂರಿನ ಕಡೆಯ ಒಬ್ಬ ಹೆಂಗಸು ನಿಂತಿದ್ದಳು. ಮೊದಲ ಬಸ್ಸಿಗೆ ಬಂದವಳು. ನಿನ್ನೆಯದು ಅವಳಿಗಿನ್ನೂ ಗೊತ್ತಿರಲಿಲ್ಲ.

"ಅಕ್ಕ, ಮಗಳಿಗ್ ಒಂದ್ ಸಂಬಂಧ ಬಂದಿತ್ತ್. ಗಡಿಬಿಡಿ ಇತ್ತ್, ಮುಂದಿನ್ ಕೂಟದ್ ತನ್ಕ ಕಾಂಬುಕ್ ಆತಿಲ್ಲೆ. ಗಂಡಿನವ್ರ್ ಬಳಿ..."

ಕೈ ಎತ್ತಿ ನಿಲ್ಲಿಸಿದೆ. "ಮಗಳಿಗ್ ಮನ್ಸಿತ್ತಾ?"

"ಇತ್ತ್."

"ಗಂಡಿಗೆ?"

"ಅವ್ನಿಗೂ ಇತ್ತ್."

"ಹಾಂಗರೆ ಬಳಿ ಬೇರೆ ಬೇರೆ. ಮದಿ ಮಾಡಿ."

"ಅಯ್ಯೋ, ನಾನಿನ್ನೂ ಹೇಳ್ಲೇ ಇಲ್ಯಲೆ ಅಕ್ಕ!"

"ಹೇಳುದ್ ಬೇಡ."

ಅವಳು ಬಾಯಿ ತೆರೆದುಕೊಂಡು ನಿಂತಳು. ನಾನು ಹೆಡಿಗೆ ಎತ್ತಿಕೊಂಡು ಕಡಲ ಕಡೆ ನಡೆದೆ. ಆವತ್ತು ಬಂಗುಡೆ ಬಂದಿತ್ತು. ತುಂಬಿಸಿಕೊಂಡು ಬಸ್ಸಿಗೆ ಹೋದೆ.